ಅಮ್ಮಿಯ ಆರ್ಕಿಡ್ ಮತ್ತು 28 ದಿನದ ಲೆಕ್ಕ

ನಮ್ಮ ಮನೆ ಕಾರ್ಕಳದಲ್ಲಿ. ಮನೆಯ ಹಿಂದೆ ಒಂದು ಹಳೆಯ ಮಾವಿನ ಮರ, ಅದರ ಪಕ್ಕದಲ್ಲಿ ಶೇಡ್ ನೆಟ್ ಕಟ್ಟಿದ ಸಣ್ಣ ಚಪ್ಪರ. ಆ ಚಪ್ಪರದ ಕೆಳಗೆ ಅಮ್ಮಿಯ ಆರ್ಕಿಡ್‌ಗಳಿವೆ. ಕಳೆದ ವರ್ಷ ಡಿಸೆಂಬರ್‌ನಲ್ಲಿ ಎಣಿಸಿದಾಗ 43 ಕುಂಡಗಳಿದ್ದವು. ಹೆಚ್ಚಿನವು ಡೆಂಡ್ರೋಬಿಯಂ, ಅಂದರೆ ಮದುವೆ ಸ್ಟೇಜಿನಲ್ಲಿ ನಾವೆಲ್ಲ ನೋಡುವ ನೇರಳೆ ಬಣ್ಣದ ಹೂ. ಹೂ ಬಿಟ್ಟ ಒಂದು ಕುಂಡವನ್ನು ಅಮ್ಮಿ 400 ರೂಪಾಯಿಗೆ ಕೊಡುತ್ತಾರೆ. ಕೊಳ್ಳುವವರು ಹೆಚ್ಚಾಗಿ ಮಣಿಪಾಲದ ಫ್ಲಾಟ್‌ಗಳಲ್ಲಿ ಇರುವವರು. ಅಬ್ಬು ತಮ್ಮ ಗೂಡ್ಸ್ ಆಟೊ ಆ ಕಡೆ ಹೋಗುವ ದಿನ ತಲುಪಿಸಿ ಬರುತ್ತಾರೆ. ನನ್ನ ಕಾಲೇಜು ಫೀಸಿನ ಒಂದು ಕಂತು ಈ ಹೂಗಳಿಂದಲೇ ಬಂದದ್ದು. ಆದ್ದರಿಂದ ಕಾಮರ್ಸ್‌ನವಳಿಗೆ ಹುಳುವಿನ ವಿಷಯ ಯಾಕೆ ಎಂದು ಸೈನ್ಸ್ ವಿಭಾಗದವರು ದಯವಿಟ್ಟು ಕೇಳಬೇಡಿ. ಇದು ಪೂರ್ತಿ ಲೆಕ್ಕದ ವಿಷಯವೇ.

ಆ ಡಿಸೆಂಬರ್ ಕೊನೆಯಲ್ಲಿ ಎರಡು ಕುಂಡಗಳ ಎಲೆಯ ಬುಡದಲ್ಲಿ ಹತ್ತಿ ಅಂಟಿಸಿದ ಹಾಗೆ ಬಿಳಿ ಚುಕ್ಕೆಗಳು ಕಂಡವು. ಬೂಷ್ಟು ಇರಬೇಕು ಎಂದು ಅಮ್ಮಿ ಬಟ್ಟೆಯಿಂದ ಒರೆಸಿ ಬಿಟ್ಟರು. ಜನವರಿ ಮಧ್ಯಕ್ಕೆ ಒಂಬತ್ತು ಕುಂಡಗಳಲ್ಲಿ ಅದೇ ಬಿಳಿ. ಎಲೆ ಮುಟ್ಟಿದರೆ ಅಂಟಂಟು. ಕೆಳಗಿನ ಎಲೆಗಳ ಮೇಲೆ ಕಾಡಿಗೆ ಸವರಿದಂತೆ ಕಪ್ಪು. ಒಂದು ಅಂಗಡಿಯಲ್ಲಿ "ಹುಳುವಿಗೆ ಮದ್ದು ಬೇಕು" ಎಂದು ಕೇಳಿದ್ದಕ್ಕೆ, ಯಾವ ಗಿಡ, ಯಾವ ಹುಳು, ಗಿಡ ಎಲ್ಲಿದೆ ಎಂದು ಏನನ್ನೂ ವಿಚಾರಿಸದೆ ಒಂದು ಬಾಟಲಿ ಕೊಟ್ಟು ಕಳುಹಿಸಿದರು. ಅಮ್ಮಿ ಸಿಂಪಡಿಸಿದರು. ಮರುದಿನ ಹುಳುಗಳು ಸತ್ತು ಉದುರಿದ್ದವು. ನಮಗೆ ಬಹಳ ಖುಷಿ. ಮೂರು ವಾರ ಕಳೆಯುವಷ್ಟರಲ್ಲಿ ಮತ್ತೆ ಬಿಳಿ. ಎರಡನೇ ಸಲ ಮದ್ದಿನ ಪ್ರಮಾಣ ಹೆಚ್ಚಿಸಿದರು, ಮತ್ತೆ ಬಂತು. ಕೆಲವು ಗಿಡಗಳ ಎಲೆ ಸುಟ್ಟದ್ದು ಮಾತ್ರ ಲಾಭ.

ಮೂರನೇ ಸಲ ಸಿಂಪಡಿಸಿದ ಸಂಜೆ ಗಾಳಿ ಮನೆಯ ಕಡೆಗೆ ಬೀಸುತ್ತಿತ್ತು. ನಮ್ಮ ದಾದಿಗೆ ದಮ್ಮಿನ ತೊಂದರೆ ಇದೆ. ಅವರ ಕೋಣೆಯ ಕಿಟಕಿ ಚಪ್ಪರದ ಎದುರಿಗೇ ಇದೆ. ಆ ರಾತ್ರಿ ಕೆಮ್ಮು ನಿಲ್ಲಲೇ ಇಲ್ಲ. ಎರಡು ಗಂಟೆಗೆ ಅಬ್ಬು ಆಟೊದಲ್ಲೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ದೇವರ ದಯೆ, ಬೆಳಿಗ್ಗೆ ಮನೆಗೆ ಬಂದರು. ಬಂದವರು ಯಾರಿಗೂ ಬೈಯಲಿಲ್ಲ, ಸುಮ್ಮನೆ ಕಿಟಕಿ ಮುಚ್ಚಿಕೊಂಡು ಮಲಗಿದರು. ಅಮ್ಮಿಗೆ ಬೈಗುಳಕ್ಕಿಂತ ಅದೇ ಹೆಚ್ಚು ತಾಗಿತು. "ಎಲ್ಲ ಕುಂಡಗಳನ್ನೂ ತೆಗೆದು ಬಿಸಾಡುತ್ತೇನೆ, ಈ ಮನೆಗೆ ಹೂವೇ ಬೇಡ" ಎಂದರು. ನನ್ನ ಫಸ್ಟ್ ಪಿಯುಸಿ ಪರೀಕ್ಷೆ ಆಗಷ್ಟೇ ಮುಗಿದಿತ್ತು. "ಒಂದು ತಿಂಗಳು ನನಗೆ ಕೊಡಿ ಅಮ್ಮಿ, ಆಮೇಲೆ ಬಿಸಾಡಿ" ಎಂದೆ. ಹೇಗೆ ಮಾಡುತ್ತೇನೆ ಎಂದು ನನಗೂ ಗೊತ್ತಿರಲಿಲ್ಲ.

ಮೊದಲು ಆಗಬೇಕಾಗಿದ್ದ ಕೆಲಸ ನಾವು ಕೊನೆಗೆ ಮಾಡಿದೆವು: ಹುಳುವನ್ನು ಸರಿಯಾಗಿ ನೋಡುವುದು. ನಮ್ಮ ಬಯಾಲಜಿ ಮೇಡಂ ಒಂದು ಕೈ ಲೆನ್ಸ್ ಕೊಟ್ಟರು. ಅದನ್ನು ಹಿಡಿದು ನೋಡಿದಾಗ, ನಾವು ಒಂದೇ ಎಂದುಕೊಂಡದ್ದು ಎರಡು ಬಗೆಯದು ಎಂದು ತಿಳಿಯಿತು.

ಹತ್ತಿಯಂತೆ ಇದ್ದದ್ದು ಹಿಟ್ಟು ತಿಗಣೆ. ಅಂಡಾಕಾರದ ಮೆತ್ತನೆಯ ಹುಳು, ಮೂರು ನಾಲ್ಕು ಮಿಲಿಮೀಟರ್ ಉದ್ದ, ಮೈಮೇಲೆ ಗೋಧಿ ಹಿಟ್ಟು ಉದುರಿಸಿದ ಹಾಗೆ ಬಿಳಿ ಮೇಣ. ನಿಧಾನವಾಗಿ ನಡೆಯುತ್ತದೆ. ಗಿಡಕ್ಕೆ ಸೂಜಿಯಂಥ ಬಾಯಿ ಚುಚ್ಚಿ ರಸ ಹೀರುತ್ತದೆ. ಅಗತ್ಯಕ್ಕಿಂತ ಹೆಚ್ಚು ಹೀರಿದ ಸಕ್ಕರೆ ನೀರನ್ನು ಹಿಂದಿನಿಂದ ಬಿಡುತ್ತದೆ. ನಮ್ಮ ಎಲೆ ಅಂಟಾಗಿದ್ದದ್ದು ಅದರಿಂದ. ಆ ಸಿಹಿಯ ಮೇಲೆ ಬೆಳೆಯುವ ಬೂಷ್ಟೇ ಆ ಕಪ್ಪು.

ಎರಡನೆಯದು ಶಲ್ಕ ಕೀಟ. ಇದು ಹುಳು ಎಂದು ಯಾರೂ ಹೇಳುವುದಿಲ್ಲ. ಎಲೆಯ ಅಡಿಯಲ್ಲಿ ಸಣ್ಣ ಬೊಟ್ಟು ಅಂಟಿಸಿದಂತೆ ಇರುತ್ತದೆ, ಅಲುಗಾಡುವುದಿಲ್ಲ. ಅದು ತನ್ನ ಮೇಲೆ ತಾನೇ ಕಟ್ಟಿಕೊಂಡ ಗುರಾಣಿ. ಹೆಣ್ಣು ಅದರ ಕೆಳಗೇ ಬದುಕಿ ಅದರ ಕೆಳಗೇ ಮೊಟ್ಟೆ ಇಟ್ಟು ಸಾಯುತ್ತದೆ. ಜಗತ್ತಿನಾದ್ಯಂತ ಆರ್ಕಿಡ್ ಬೆಳೆಸುವವರನ್ನು ಕಾಡುವ ಬಾಯ್ಸ್‌ಡುವಾಲ್ ಶಲ್ಕ ಕೀಟ ಇದೇ ಗುಂಪಿನದು. ಅದರ ಗಂಡುಗಳು ಬಿಳಿ ನೂಲಿನ ಗುಂಪಾಗಿ ಇರುವುದರಿಂದ ಹಿಟ್ಟು ತಿಗಣೆ ಎಂದೇ ಮೋಸ ಹೋಗುತ್ತೇವೆ. ಇನ್ನೊಂದು ಮೋಸವೂ ಇದೆ. ಶಲ್ಕ ಕೀಟ ಸತ್ತರೂ ಗುರಾಣಿ ಎಲೆಗೆ ಅಂಟಿಕೊಂಡೇ ಇರುತ್ತದೆ. ಮದ್ದು ಕೆಲಸ ಮಾಡಿಲ್ಲ ಎಂದು ನಾವು ಮತ್ತೆ ಮತ್ತೆ ಸಿಂಪಡಿಸುತ್ತೇವೆ. ಉಗುರಿನಿಂದ ಕೆರೆದು ನೋಡಬೇಕು. ಒದ್ದೆಯಾಗಿ ಹಳದಿ ರಸ ಬಂದರೆ ಜೀವಂತ, ಒಣಗಿ ಪುಡಿಯಾದರೆ ಸತ್ತದ್ದು.

ಈಗ ಲೆಕ್ಕಕ್ಕೆ ಬರುತ್ತೇನೆ. ಸತ್ತು ಉದುರಿದ ಹುಳು ಮತ್ತೆ ಹೇಗೆ ಬಂತು?

ಹಿಟ್ಟು ತಿಗಣೆಯ ಕೆಲವು ಜಾತಿಗಳು ನೇರವಾಗಿ ಮರಿ ಹಾಕುತ್ತವೆ. ಇನ್ನು ಕೆಲವು ಹತ್ತಿಯಂಥ ಚೀಲ ಮಾಡಿ ಅದರೊಳಗೆ 300ರಿಂದ 600ರಷ್ಟು ಮೊಟ್ಟೆ ಇಡುತ್ತವೆ. ಚೀಲದ ಮೇಲಿನ ಮೇಣಕ್ಕೆ ನೀರು ಹತ್ತುವುದಿಲ್ಲ, ಆದ್ದರಿಂದ ಮದ್ದೂ ಹತ್ತುವುದಿಲ್ಲ. ಒಂದು ಎರಡು ವಾರದಲ್ಲಿ ಮೊಟ್ಟೆ ಒಡೆಯುತ್ತದೆ. ನಮ್ಮ ಕರಾವಳಿಯ ಸೆಕೆಯಲ್ಲಿ ಸುಮಾರು ಒಂದು ತಿಂಗಳಿಗೆ ಆ ಮರಿಯೇ ಮೊಟ್ಟೆ ಇಡುವ ತಾಯಿ. ಲೆಕ್ಕಕ್ಕೆಂದು ಒಂದು ಚಪ್ಪರದಲ್ಲಿ 1,000 ಹುಳು ಇದೆ ಎಂದು ಇಟ್ಟುಕೊಳ್ಳಿ. ಒಳ್ಳೆಯ ಮದ್ದು, 100ಕ್ಕೆ 95 ಸತ್ತವು. ಉಳಿದದ್ದು 50. ನಮ್ಮ ಕಣ್ಣಿಗೆ ಗಿಡ ಶುದ್ಧ. ಆ 50ರಲ್ಲಿ ಅರ್ಧ ಹೆಣ್ಣು ಎಂದರೆ 25. ಒಂದೊಂದಕ್ಕೆ 300 ಮೊಟ್ಟೆಯಂತೆ 7,500. ಅದರಲ್ಲಿ ಐದರಲ್ಲಿ ಒಂದು ಪಾಲು ಬದುಕಿದರೂ 1,500. ಮೊದಲಿಗಿಂತ 500 ಹೆಚ್ಚು! ಮದ್ದು ಕೊಡುವ ಮೊದಲೇ ಇಟ್ಟಿದ್ದ ಮೊಟ್ಟೆಗಳನ್ನು ಇದರಲ್ಲಿ ಸೇರಿಸಿಯೇ ಇಲ್ಲ.

ಬಡ್ಡಿ ಎಂಬುದು ನಮ್ಮ ಮನೆಯಲ್ಲಿ ಪಠ್ಯಪುಸ್ತಕದೊಳಗೆ ಮಾತ್ರ ಇರುವ ವಸ್ತು. ಚಕ್ರಬಡ್ಡಿಯನ್ನು ನಾನು ಕಣ್ಣಾರೆ ನೋಡಿದ್ದು ಈ ಹುಳುವಿನಲ್ಲಿ.

ಹಾಗಾಗಿ ನಮ್ಮ ತಪ್ಪು ಮದ್ದಿನ ಶಕ್ತಿಯಲ್ಲಿ ಇರಲಿಲ್ಲ, ದಿನಾಂಕದಲ್ಲಿ ಇತ್ತು. ನಾವು ಹುಳು ಕಂಡಾಗ ಸಿಂಪಡಿಸುತ್ತಿದ್ದೆವು. ಕಾಣುವಷ್ಟು ಆಗುವಾಗ ಅವು ಮೊಟ್ಟೆ ಇಟ್ಟು ಮುಗಿಸಿರುತ್ತಿದ್ದವು. ಮೊಟ್ಟೆಯಿಂದ ಹೊರಬಂದ ಮರಿಯ ಮೈಮೇಲೆ ಮೊದಲ ಕೆಲವು ದಿನ ದಪ್ಪ ಮೇಣ ಇರುವುದಿಲ್ಲ. ಶಲ್ಕ ಕೀಟದ ಮರಿಗೂ ಹೊರಬಂದು ಓಡಾಡುವಾಗ ಗುರಾಣಿ ಇರುವುದಿಲ್ಲ. ಆಗ ಅದಕ್ಕೆ ಸೋಪು ನೀರೇ ಸಾಕು. ಆ ದಿನಗಳನ್ನು ಹಿಡಿಯಬೇಕಾದರೆ ಹುಳು ಕಾಣಲಿ ಕಾಣದಿರಲಿ ವಾರಕ್ಕೊಮ್ಮೆ ಹೋಗಬೇಕು. ಅಡುಗೆ ಕೋಣೆಯ ಕ್ಯಾಲೆಂಡರ್‌ನಲ್ಲಿ ಹಸಿರು ಪೆನ್ನಿನಿಂದ ಗುರುತು ಹಾಕಿದೆ: ಮೊದಲ ದಿನ, 7, 14, 21. ಇಪ್ಪತ್ತೆಂಟನೇ ದಿನ ತಪಾಸಣೆ.

ಮೊದಲ ದಿನದ ಕೆಲಸವೇ ದೊಡ್ಡದು. ಅಷ್ಟರಲ್ಲಿ ಏಳು ಗಿಡ ಸತ್ತಿತ್ತು. ಉಳಿದ 36ರಲ್ಲಿ ಹುಳು ಇದ್ದವನ್ನೆಲ್ಲ ಚಪ್ಪರದಿಂದ ಹೊರಗೆ, ಬಾವಿಯ ಆಚೆ ಬದಿಗೆ ಸಾಗಿಸಿದೆವು. ಐದು ಗಿಡಗಳ ಬೇರಿನವರೆಗೂ ಬಿಳಿ ತುಂಬಿತ್ತು. ಅವುಗಳನ್ನು ಉಳಿಸುವ ಆಸೆ ಬಿಟ್ಟು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿಲಿಗೆ ಇಟ್ಟು ಬಿಸಾಡಿದೆವು. ಅಮ್ಮಿಗೆ ಇದು ಕಷ್ಟವಾಯಿತು. ಅದರಲ್ಲೊಂದು ನನ್ನ ಖಾಲಾ ಕೊಟ್ಟ ಬಿಳಿ ಹೂವಿನ ಗಿಡ. ಆದರೆ ವಸೂಲಾಗದ ಸಾಲವನ್ನು ಪುಸ್ತಕದಲ್ಲಿ ಇಟ್ಟುಕೊಂಡು ಕುಳಿತರೆ ಅಂಗಡಿಯೇ ಮುಳುಗುತ್ತದೆ ಎಂದು ಅಕೌಂಟೆನ್ಸಿ ಸರ್ ಹೇಳುವುದು ಇಂಥದ್ದಕ್ಕೇ.

ಆರ್ಕಿಡ್‌ಗೆ ಮಣ್ಣು ಬೇಡ. ನಾವು ತೆಂಗಿನ ಸಿಪ್ಪೆ, ಇದ್ದಿಲು, ಹಂಚಿನ ಚೂರು ಹಾಕುತ್ತೇವೆ. ಸಿಪ್ಪೆಯ ನಾರಿನ ಒಳಗೆ ಹುಳು ಮತ್ತು ಇರುವೆ ಎರಡೂ ಮನೆ ಮಾಡಿದ್ದವು. ಹಳೆಯ ಸಿಪ್ಪೆಯನ್ನೆಲ್ಲ ತೆಗೆದು ಸ್ನಾನದ ನೀರು ಕಾಯಿಸುವ ಒಲೆಗೆ ಹಾಕಿದೆವು. ಇದ್ದಿಲು, ಹಂಚಿನ ಚೂರನ್ನು ಕುದಿಯುವ ನೀರಿನಲ್ಲಿ ತೊಳೆದು ಮತ್ತೆ ಬಳಸಿದೆವು. ಡೆಂಡ್ರೋಬಿಯಂನ ದಂಟಿಗೆ ಈರುಳ್ಳಿ ಸಿಪ್ಪೆಯಂತೆ ಒಣಗಿದ ಹೊದಿಕೆ ಇರುತ್ತದೆಯಲ್ಲ, ಅದನ್ನು ಮೆಲ್ಲಗೆ ಸುಲಿದು ತೆಗೆದಾಗ ಒಳಗೆ ಸಾಲು ಸಾಲಾಗಿ ಹುಳು. ಮೂರು ಸಲ ಹೊರಗಿನಿಂದ ಸಿಂಪಡಿಸಿದ ಮದ್ದು ಇಲ್ಲಿಗೆ ತಲುಪಿಯೇ ಇರಲಿಲ್ಲ.

ನಂತರ ಮೆಡಿಕಲ್‌ನಲ್ಲಿ ಸಿಗುವ ಸರ್ಜಿಕಲ್ ಸ್ಪಿರಿಟ್. ಇಂಜೆಕ್ಷನ್ ಕೊಡುವ ಮೊದಲು ನರ್ಸ್ ಒರೆಸುತ್ತಾರಲ್ಲ, ಅದೇ. ಕಿವಿಗೆ ಹಾಕುವ ಹತ್ತಿ ಕಡ್ಡಿಯನ್ನು ಅದರಲ್ಲಿ ಅದ್ದಿ ಹುಳುವಿಗೆ ತಾಗಿಸಿದರೆ ಮೇಣ ಕರಗಿ ಹುಳು ಕಂದು ಬಣ್ಣಕ್ಕೆ ತಿರುಗಿ ಸಾಯುತ್ತದೆ. ಶಲ್ಕ ಕೀಟಕ್ಕೆ ಹಳೆಯ ಮೆತ್ತನೆಯ ಟೂತ್ ಬ್ರಷ್ ಬೇಕು, ಗುರಾಣಿ ಕೀಳದೆ ಅದು ಸಾಯುವುದಿಲ್ಲ. ಸ್ಪಿರಿಟನ್ನು ಮೊಗ್ಗು ಮತ್ತು ಎಳೆಯ ಬೇರಿಗೆ ತಾಗಿಸಬಾರದು, ಒಲೆಯ ಹತ್ತಿರವಂತೂ ತರಲೇಬಾರದು. ನಾನು, ಅಮ್ಮಿ, ತಮ್ಮ ಮೂವರೂ ಕುಳಿತು ಒಂದೊಂದೇ ಗಿಡ ಮುಗಿಸಿದೆವು. ತಮ್ಮ ಎಷ್ಟು ಹುಳು ಕೊಂದೆ ಎಂದು ಎಣಿಸುತ್ತಾ ಇದ್ದ, 212ಕ್ಕೆ ಬೇಸರವಾಗಿ ಎದ್ದು ಹೋದ.

ವಾರಕ್ಕೊಮ್ಮೆ ಸಿಂಪಡಿಸಿದ್ದು ಬೇವಿನೆಣ್ಣೆ ಮತ್ತು ಸೋಪು. ಒಂದು ಲೀಟರ್ ನೀರಿಗೆ ಐದು ಮಿಲಿಲೀಟರ್ ಬೇವಿನೆಣ್ಣೆ, ಅಂದರೆ ಒಂದು ಟೀ ಚಮಚ. ಎಣ್ಣೆ ನೀರಿನಲ್ಲಿ ಕರಗದ ಕಾರಣ ಮೊದಲು ಎಣ್ಣೆಗೆ ಸ್ವಲ್ಪ ಸೌಮ್ಯ ದ್ರವ ಸೋಪು ಕಲಸಿ, ಆಮೇಲೆ ನೀರು ಸೇರಿಸಬೇಕು. ಬಟ್ಟೆ ಒಗೆಯುವ ಪುಡಿ ಬೇಡ, ಎಲೆ ಸುಡುತ್ತದೆ. ಬೇವು ಹುಳುವನ್ನು ತಕ್ಷಣ ಕೊಲ್ಲುವುದಿಲ್ಲ. ಮರಿ ಪೊರೆ ಬಿಟ್ಟು ದೊಡ್ಡದಾಗುವುದನ್ನು ತಡೆಯುತ್ತದೆ. ಅದಕ್ಕೇ ಒಂದು ಸಲ ಹೊಡೆದು "ಏನೂ ಪ್ರಯೋಜನ ಇಲ್ಲ" ಎನ್ನುವವರೇ ಹೆಚ್ಚು. ಎಣ್ಣೆ ಮತ್ತು ಬಿಸಿಲು ಸೇರಿದರೆ ಎಲೆಯ ಮೇಲೆ ಸುಟ್ಟ ಕಲೆ ಬೀಳುತ್ತದೆ. ನಾವು ಅಸರ್ ನಮಾಝ್ ಆದ ಮೇಲೆ ಸಿಂಪಡಿಸುತ್ತಿದ್ದೆವು, ಬಿಸಿಲು ಇಳಿದಿರುತ್ತಿತ್ತು. ಹದಿನಾಲ್ಕನೇ ದಿನದ ಹೊತ್ತಿಗೆ ರಂಜಾನ್ ಬಂದಿತ್ತು. ಇಫ್ತಾರಿನ ಪಕೋಡ ಒಂದು ಕಡೆ, ಬೇವಿನೆಣ್ಣೆಯ ವಾಸನೆ ಇನ್ನೊಂದು ಕಡೆ. ಆದರೂ ಆ ದಿನ ತಪ್ಪಿಸಲಿಲ್ಲ. ದಾದಿ ಕಿಟಕಿ ತೆರೆದೇ ಕುಳಿತಿದ್ದರು.

ಇಷ್ಟಾದರೂ 21ನೇ ದಿನ ಮೂರು ಕುಂಡಗಳಲ್ಲಿ ಹುಳು ಸಿಕ್ಕಿತು. ನನಗೆ ಅಳುವೇ ಬಂತು. ಯಾಕೆ ಆ ಮೂರು ಮಾತ್ರ ಎಂದು ನೋಡಿದರೆ, ಮೂರೂ ಮಾವಿನ ಕೊಂಬೆಗೆ ತಂತಿಯಲ್ಲಿ ನೇತು ಹಾಕಿದವು. ತಂತಿಯ ಮೇಲೆ ಮರದ ಕೆಂಪಿರುವೆ ಸಾಲಾಗಿ ಇಳಿಯುತ್ತಿದ್ದವು.

ಇರುವೆ ಗಿಡಕ್ಕೆ ನೇರವಾಗಿ ಏನೂ ಮಾಡುವುದಿಲ್ಲ. ಅದಕ್ಕೆ ಬೇಕಾದದ್ದು ಹಿಟ್ಟು ತಿಗಣೆ ಬಿಡುವ ಸಿಹಿ. ನಾವು ಹಾಲಿಗೆ ಹಸು ಸಾಕುವ ಹಾಗೆ ಇರುವೆ ಹುಳುವನ್ನು ಕಾಯುತ್ತದೆ. ಹುಳುವನ್ನು ತಿನ್ನಲು ಬರುವ ಇತರ ಕೀಟಗಳನ್ನು ಓಡಿಸುತ್ತದೆ, ಕೆಲವು ಇರುವೆಗಳು ಮರಿಗಳನ್ನು ಹೊಸ ಚಿಗುರಿಗೆ ಹೊತ್ತುಕೊಂಡೂ ಹೋಗುತ್ತವೆ. ಇರುವೆ ಇರುವಷ್ಟು ದಿನ ನಮ್ಮ 28 ದಿನದ ಲೆಕ್ಕ ಕೂಡುವುದಿಲ್ಲ. ತಂತಿಗೆ ವ್ಯಾಸಲೀನ್ ಹಚ್ಚಿದೆವು, ಮಾರ್ಚ್ ಸೆಕೆಗೆ ಕರಗಿ ಇಳಿಯಿತು. ಕೊನೆಗೆ ಅಬ್ಬು ಆಟೊಗೆ ಹಾಕುವ ಗ್ರೀಸ್ ತಂದು ಹಚ್ಚಿದರು. ಅದು ನಿಂತಿತು. ಚಪ್ಪರದ ಬೆಂಚಿನ ಕಾಲುಗಳ ಕೆಳಗೆ ನೀರಿನ ಬಟ್ಟಲು ಇಟ್ಟೆವು. ನಮ್ಮ ಊರಿನಲ್ಲಿ ನಿಂತ ನೀರೆಂದರೆ ಡೆಂಗಿ ಸೊಳ್ಳೆ ಹುಟ್ಟುವ ಜಾಗ, ಆದ್ದರಿಂದ ಅದಕ್ಕೂ ನಾಲ್ಕು ಹನಿ ಸೋಪು. ಆ ಮೂರು ಕುಂಡಗಳಿಗೆ ಮಾತ್ರ ಮತ್ತೆ ಮೊದಲ ದಿನದಿಂದ ಎಣಿಕೆ ಶುರು ಮಾಡಿದೆವು.

ಈದ್ ಆದ ಮೇಲೆ ಕಾಪುವಿನ ಹತ್ತಿರ ಶಂಕರಪುರದಲ್ಲಿರುವ ಖಾಲಾ ಮನೆಗೆ ಹೋದೆವು. ಅಲ್ಲಿ ಇನ್ನೊಂದು ಸಮಸ್ಯೆಗೆ ಉತ್ತರ ಸಿಕ್ಕಿತು. ನಮ್ಮ ಎರಡು ಗಿಡಗಳಲ್ಲಿ ಮೊಗ್ಗು ಬರುತ್ತಿತ್ತು, ಅರಳುವ ಮೊದಲೇ ಹಳದಿಯಾಗಿ ಸೊಟ್ಟಗಾಗಿ ಉದುರುತ್ತಿತ್ತು. ಹೊರಗೆ ಹುಳು ಕಾಣುವುದಿಲ್ಲ. ನೀರು ಹೆಚ್ಚಾಯಿತೋ ಎಂದು ಅಮ್ಮಿ ನೀರು ಕಡಿಮೆ ಮಾಡಿ ನೋಡಿದ್ದರು.

ಶಂಕರಪುರ ಎಂದರೆ ಮಲ್ಲಿಗೆ. ಉಡುಪಿ ಮಲ್ಲಿಗೆ ಎಂದು ಜಿಐ ಮಾನ್ಯತೆ ಪಡೆದಿರುವುದು ಇದೇ ಹೂ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಬಾಳೆನಾರಿನಲ್ಲಿ ಕಟ್ಟುವುದು. ದರ ದಿನವೂ ಶಂಕರಪುರದಲ್ಲೇ ನಿಗದಿಯಾಗುತ್ತದೆ. ಬೇಡಿಕೆ ಇರುವಾಗ ಅಟ್ಟೆಗೆ 2,100 ರೂಪಾಯಿ ಮುಟ್ಟಿದ್ದೂ ಇದೆ. ಖಾಲಾ ಮನೆಯ ಪಕ್ಕದ ಬಾಯಮ್ಮ ಬೆಳಿಗ್ಗೆ ಬೇಗ ಎದ್ದು ಮೊಗ್ಗು ಕೊಯ್ಯುತ್ತಾರೆ. ನಾನೂ ಜೊತೆಗೆ ಹೋದೆ. ಅವರು ಕೆಲವು ಮೊಗ್ಗುಗಳನ್ನು ಬುಟ್ಟಿಗೆ ಹಾಕದೆ ಸೊಂಟಕ್ಕೆ ಕಟ್ಟಿದ ಬೇರೆ ಚೀಲಕ್ಕೆ ಹಾಕುತ್ತಿದ್ದರು. ಅವು ಸಣ್ಣದಾಗಿ, ನೇರಳೆ ಬಣ್ಣಕ್ಕೆ ತಿರುಗಿದ್ದವು. "ಇದನ್ನು ಕೆಳಗೆ ಬಿಸಾಡಬಾರದು ಮಗಾ, ಬಿಸಾಡಿದರೆ ನಾಳೆ ಮೇಲೆಯೇ ಬರುತ್ತದೆ" ಎಂದರು. ಒಂದನ್ನು ಬಿಡಿಸಿ ತೋರಿಸಿದರು. ಒಳಗೆ ಅಕ್ಕಿ ನುಚ್ಚಿಗಿಂತ ಸಣ್ಣ ಬಿಳಿ ಹುಳುಗಳು.

ಅದು ಮೊಗ್ಗು ನೊಣದ ಮರಿ. ಸೊಳ್ಳೆಗಿಂತ ಸಣ್ಣ ನೊಣ ಎಳೆಯ ಮೊಗ್ಗಿನಲ್ಲಿ ಮೊಟ್ಟೆ ಇಡುತ್ತದೆ. ಮರಿಗಳು ಒಳಗೇ ತಿಂದು ಬೆಳೆದು ನೆಲಕ್ಕೆ ಹಾರಿ ಮಣ್ಣಿನೊಳಗೆ ಕೋಶ ಕಟ್ಟುತ್ತವೆ. ಮೂರು ನಾಲ್ಕು ವಾರದಲ್ಲಿ ಮತ್ತೆ ನೊಣ. ಕಾಂಟಾರಿನಿಯಾ ಎಂಬ ಕುಲದ ಈ ನೊಣ ಮಲ್ಲಿಗೆಗೆ ಬೀಳುವ ಹಾಗೆ ಡೆಂಡ್ರೋಬಿಯಂ ಮೊಗ್ಗಿಗೂ ಬೀಳುತ್ತದೆ. ಕಾರ್ಕಳಕ್ಕೆ ಬಂದವಳೇ ಉದುರಿದ ಮೊಗ್ಗನ್ನು ಬಿಡಿಸಿದೆ, ಒಳಗೆ ಅದೇ ಬಿಳಿ ಹುಳು. ನಮ್ಮ ಚಪ್ಪರದ ಬದಿಯಲ್ಲಿ ಅಮ್ಮಿ ತಲೆಗೆ ಮುಡಿಯಲೆಂದು ಸಾಕಿದ ಎರಡು ಮಲ್ಲಿಗೆ ಗಿಡ ಇದೆ!

ಹುಳು ಮೊಗ್ಗಿನೊಳಗೆ ಇರುವ ಕಾರಣ ಹೊರಗಿನ ಸಿಂಪಡಣೆ ಇಲ್ಲಿ ಬಹುಮಟ್ಟಿಗೆ ವ್ಯರ್ಥ. ಬಾಯಮ್ಮನ ಚೀಲವೇ ಮದ್ದು. ಹಾಳಾದ ಮೊಗ್ಗನ್ನು ಉದುರುವ ಮೊದಲೇ ಕಿತ್ತು ಸುಡಬೇಕು, ನೆಲದ ಕಸ ಗುಡಿಸಬೇಕು. ಬಾಯಮ್ಮನ ಲೆಕ್ಕವನ್ನು ನಾನು ಮನಸ್ಸಿನಲ್ಲೇ ಮಾಡಿದೆ. ಇಪ್ಪತ್ತಕ್ಕೆ ಒಂದು ಮೊಗ್ಗು ಹಾಳಾದರೂ ಒಂದು ಅಟ್ಟೆಯ 3,200ರಲ್ಲಿ 160 ಹೋಯಿತು. 2,100ರ ದರದಲ್ಲಿ 105 ರೂಪಾಯಿ. ಅವರಿಗೆ ಈ ಲೆಕ್ಕ ಹೇಳಿದಾಗ, "ದರ 2,100 ಇರುವ ದಿನ ಮೊಗ್ಗೇ ಇರುವುದಿಲ್ಲ ಮಗಾ" ಎಂದು ನಕ್ಕರು. ಇದು ಎಕನಾಮಿಕ್ಸ್‌ನ ಪೂರೈಕೆಯ ಪಾಠ, ನಾನೇ ಮರೆತಿದ್ದೆ.

ಈಗ ನಾನು ಮಾಡಿದ ಒಂದು ತಪ್ಪು. ಮೇ ತಿಂಗಳಲ್ಲಿ ಒಂದು ಕುಂಡದಲ್ಲಿ ದೊಡ್ಡ ಹಿಟ್ಟು ತಿಗಣೆ ಕಂಡಿತು. ಮಾಮೂಲಿಗಿಂತ ಮೂರು ಪಟ್ಟು ಉದ್ದ, ಮೈ ತುಂಬ ಬಿಳಿ ನೂಲು, ಬೇಗ ಬೇಗ ಓಡುತ್ತಿತ್ತು. ನಾಲ್ಕನ್ನು ಸ್ಪಿರಿಟ್ ಹಾಕಿ ಕೊಂದೆ. ಐದನೆಯದರ ಫೋಟೊ ತೆಗೆದು ಮೇಡಂಗೆ ತೋರಿಸಿದಾಗ ಅವರು, "ಅಯ್ಯೋ, ಇದು ನಿಮ್ಮ ಕಡೆಯದು" ಎಂದರು. ಅದು ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳುವಿನ ಮರಿ. ಹಿಟ್ಟು ತಿಗಣೆಯನ್ನೇ ತಿಂದು ಬದುಕುತ್ತದೆ, ನೋಡಲೂ ಹಾಗೆಯೇ ಇರುತ್ತದೆ. ದೊಡ್ಡದಾದ ಮೇಲೆ ಕಪ್ಪು ಮೈ, ಕಿತ್ತಳೆ ಬಣ್ಣದ ತಲೆ ಇರುವ ಸಣ್ಣ ದುಂಡು ಹುಳು. ಇದು ಮೂಲತಃ ನಮ್ಮ ದೇಶದ್ದಲ್ಲ. ಕಾಫಿ ಗಿಡದ ಹಸಿರು ಶಲ್ಕ ಕೀಟವನ್ನು ತಿನ್ನಲೆಂದು 1898ರಲ್ಲಿ ಆಸ್ಟ್ರೇಲಿಯಾದಿಂದ ತಂದದ್ದು. ಆ ಕೆಲಸಕ್ಕಿಂತ ಹಿಟ್ಟು ತಿಗಣೆ ತಿನ್ನುವುದರಲ್ಲೇ ಅದು ಹೆಸರು ಮಾಡಿತು. ಮೊದಲ ಮೂರು ಸಲ ನಾವು ಹೊಡೆದ ಮದ್ದಿನಲ್ಲಿ ಇಂಥವು ಇದ್ದಿದ್ದರೆ ಅವೂ ಸತ್ತಿರುತ್ತವೆ. ಉಳಿದುಕೊಂಡ ಹಿಟ್ಟು ತಿಗಣೆಗೆ ಶತ್ರುವೇ ಇಲ್ಲ ಎಂದಂತಾಯಿತು.

ಹುಳುವಿಗೆ ಹುಳುವನ್ನೇ ಬಿಡುವುದು ಕಥೆಯಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಪಪ್ಪಾಯಿ ಹಿಟ್ಟು ತಿಗಣೆ ಎಂಬ ಹೊಸ ಜಾತಿ ಕಾಣಿಸಿಕೊಂಡು, ದಕ್ಷಿಣ ಭಾರತದಲ್ಲಿ ಪಪ್ಪಾಯಿ, ಹಿಪ್ಪುನೇರಳೆ, ಮರಗೆಣಸು ಬೆಳೆಗಾರರನ್ನು ಕಂಗಾಲು ಮಾಡಿತು. ಎಷ್ಟು ಮದ್ದು ಹೊಡೆದರೂ ಮತ್ತೆ ಬರುತ್ತಿತ್ತು. ನಮ್ಮ ಚಪ್ಪರದ ಕಥೆಯೇ, ಸಾವಿರಾರು ಎಕರೆಯಲ್ಲಿ. 2010ರಲ್ಲಿ ಪೋರ್ಟೊ ರಿಕೊದಿಂದ ಮೂರು ಜಾತಿಯ ಸಣ್ಣ ಕಣಜಗಳನ್ನು ಬೆಂಗಳೂರಿಗೆ ತರಿಸಿ, ಈಗ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಎಂದು ಕರೆಯುವ ಸಂಸ್ಥೆ ಸಾಕಿ ಹೊಲಗಳಿಗೆ ಬಿಟ್ಟಿತು. ಅದರಲ್ಲಿ ಅಸೆರೋಫೇಗಸ್ ಎಂಬ ಕಣಜ ಹಿಟ್ಟು ತಿಗಣೆಯ ಮೈಯೊಳಗೇ ಮೊಟ್ಟೆ ಇಡುತ್ತದೆ. ಆ ಕೀಟದ ಹಾವಳಿ ಇಳಿದದ್ದು ಮುಖ್ಯವಾಗಿ ಅದರಿಂದಲೇ.

ಕಡು ಮದ್ದಿನ ಬಗ್ಗೆ ಎರಡು ಮಾತು ಹೇಳದೆ ಮುಗಿಸಲಾರೆ. ಕಾಸರಗೋಡಿನ ಗೇರು ತೋಟಗಳ ಮೇಲೆ 2000ನೇ ಇಸವಿಯವರೆಗೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಅದೂ ಒಂದು ಸಣ್ಣ ಕೀಟಕ್ಕೇ, ಗೇರು ಚಿಗುರಿನ ರಸ ಹೀರುವ ಟೀ ಸೊಳ್ಳೆಗೆ. ಸುಪ್ರೀಂ ಕೋರ್ಟ್ ಅದನ್ನು 2011ರಲ್ಲಿ ನಿಷೇಧಿಸಿತು. ಅದರ ತೊಂದರೆ ಅನುಭವಿಸುತ್ತಿರುವ ಕುಟುಂಬಗಳು ದಕ್ಷಿಣ ಕನ್ನಡದಲ್ಲೂ ನಮ್ಮ ಉಡುಪಿ ಜಿಲ್ಲೆಯಲ್ಲೂ ಇವೆ. ಮದ್ದಿನ ಬಾಟಲಿಯ ಮೇಲೆ ಒಂದು ಚೌಕದಲ್ಲಿ ಬಣ್ಣದ ತ್ರಿಕೋನ ಇರುತ್ತದೆ. ಕೆಂಪು ಎಂದರೆ ಅತ್ಯಂತ ವಿಷ, ಆಮೇಲೆ ಹಳದಿ, ನೀಲಿ, ಕೊನೆಗೆ ಹಸಿರು. ನಾವು ತಂದ ಬಾಟಲಿಯನ್ನು ಮತ್ತೆ ತೆಗೆದು ನೋಡಿದೆ, ಹಳದಿ ಇತ್ತು. ಕನ್ನಡದಲ್ಲೂ ಸೂಚನೆ ಬರೆದಿತ್ತು, ಮನೆಯಲ್ಲಿ ಯಾರೂ ಓದಿರಲಿಲ್ಲ. ಅಮ್ಮಿಗೆ ಉರ್ದು ಓದಲು ಬರುತ್ತದೆ, ಕನ್ನಡ ನಿಧಾನ. ಓದಿ ಹೇಳಬೇಕಾಗಿದ್ದವಳು ನಾನು. ಅಡಿಕೆಗೆ ಬಿಡುವ ಬೋರ್ಡೋ ದ್ರಾವಣ ಹೊಡೆಯಿರಿ ಎಂದು ಒಬ್ಬರು ಹೇಳಿದ್ದರು, ಅದು ಕೊಳೆರೋಗಕ್ಕೆ, ಹುಳುವಿಗಲ್ಲ. ತಾಮ್ರದ ಮದ್ದು ಡೆಂಡ್ರೋಬಿಯಂಗೆ ಆಗಿಬರುವುದೂ ಇಲ್ಲ. ಯಾವ ಹುಳು ಎಂದು ಗೊತ್ತಾಗದಿದ್ದರೆ ಬ್ರಹ್ಮಾವರದಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಎಲೆ, ಮೊಗ್ಗನ್ನು ಮುಚ್ಚಿದ ಡಬ್ಬಿಯಲ್ಲಿ ತೆಗೆದುಕೊಂಡು ಹೋಗಿ ಕೇಳಬಹುದು.

ನಮ್ಮ ಖರ್ಚಿನ ಪುಟ ಹೀಗಿದೆ. ಮೂರು ಸಲದ ಮದ್ದಿಗೆ 780 ರೂಪಾಯಿ, ದಾದಿಯ ಆಸ್ಪತ್ರೆಗೆ 2,350, ಸತ್ತ ಮತ್ತು ಬಿಸಾಡಿದ 12 ಗಿಡಗಳಿಗೆ 4,800. ಒಟ್ಟು 7,930. ಎರಡನೇ ಪುಟದಲ್ಲಿ ಸ್ಪಿರಿಟ್ 180, ಹತ್ತಿ ಕಡ್ಡಿ 50, ಬೇವಿನೆಣ್ಣೆ 140, ಸ್ಪ್ರೇ ಬಾಟಲಿ 120. ಒಟ್ಟು 490. ಇದನ್ನು ಅಮ್ಮಿಗೆ ಹೆಮ್ಮೆಯಿಂದ ಓದಿ ಹೇಳಿದೆ. "ನಾನು ಬೆನ್ನು ಬಗ್ಗಿಸಿ ಕುಳಿತ ಗಂಟೆಗಳನ್ನು ಎಲ್ಲಿ ಬರೆದಿದ್ದೀಯಾ?" ಎಂದು ಕೇಳಿದರು. ಬರೆದಿರಲಿಲ್ಲ. ಎಷ್ಟೆಂದು ಬರೆಯಬೇಕೋ ಈಗಲೂ ಗೊತ್ತಾಗಿಲ್ಲ, ಆ ಸಾಲು ಖಾಲಿ ಇದೆ.

ಹುಳು ಮೊದಲು ಎಲ್ಲಿಂದ ಬಂತು ಎಂಬುದೂ ಆ ಪುಸ್ತಕದಲ್ಲೇ ಸಿಕ್ಕಿತು. ನವೆಂಬರ್‌ನಲ್ಲಿ ಒಂದು ನರ್ಸರಿಯಿಂದ ಆರು ಗಿಡ ತಂದು ಅದೇ ದಿನ ಚಪ್ಪರದ ನಡುವೆ ಇಟ್ಟಿದ್ದೆವು. ಮೊದಲು ಬಿಳಿ ಕಂಡ ಎರಡೂ ಕುಂಡಗಳು ಆ ಆರರಲ್ಲಿ ಇದ್ದವು. ಈಗ ಹೊಸ ಗಿಡ ಬಂದರೆ 28 ದಿನ ಬಾವಿಯ ಆಚೆ ಬದಿಯಲ್ಲಿ ಇರಬೇಕು. ನಮ್ಮಲ್ಲಿಂದ ಹೋಗುವ ಗಿಡವನ್ನೂ ಲೆನ್ಸ್‌ನಲ್ಲಿ ನೋಡದೆ ಕೊಡುವುದಿಲ್ಲ. ಡಿಸೆಂಬರ್‌ನಲ್ಲಿ ನಾವು ಕೊಟ್ಟಿದ್ದ ಒಂದು ಗಿಡದಿಂದ ಮಣಿಪಾಲದ ಒಬ್ಬರ ಬಾಲ್ಕನಿಗೆ ಹುಳು ಹೋಗಿತ್ತು. ಅಮ್ಮಿ ಅವರಿಗೆ 400 ರೂಪಾಯಿ ವಾಪಸ್ ಕೊಟ್ಟರು. ಜೊತೆಗೆ ಒಂದು ಬಾಟಲಿ ಸ್ಪಿರಿಟ್, ದಿನಾಂಕ ಬರೆದ ಒಂದು ಚೀಟಿಯನ್ನೂ ಕಳುಹಿಸಿದರು. ಚೀಟಿ ಬರೆದವಳು ನಾನು.

ಈಗ ಚಪ್ಪರದಲ್ಲಿ 31 ಕುಂಡ ಇವೆ. ಮಳೆಗಾಲದಲ್ಲಿ ಹುಳು ಕಡಿಮೆ, ಕೊಳೆಯುವ ಚಿಂತೆ ಹೆಚ್ಚು, ಅದು ಬೇರೆಯೇ ವಿಷಯ. ಕಳೆದ ಶುಕ್ರವಾರ ನಮ್ಮ ಕಾಲೇಜಿನ ಆಫೀಸಿನ ಎದುರು ಇಟ್ಟಿರುವ ಎರಡು ಆರ್ಕಿಡ್ ಕುಂಡಗಳನ್ನು ನೋಡಿದೆ. ಒಂದರ ದಂಟಿನ ಮೇಲೆ ಇರುವೆಯ ಸಾಲು ಹತ್ತುತ್ತಿತ್ತು. ಆಫೀಸ್ ಮೇಡಂಗೆ ಹೇಳಿದ್ದೇನೆ, ಸೋಮವಾರ ಲೆನ್ಸ್ ತರುತ್ತೇನೆ. ಅಲ್ಲಿಯವರೆಗೆ ಯಾರೂ ಅದಕ್ಕೆ ಮದ್ದು ಹೊಡೆಯಬೇಡಿ.